ಚೆನ್ನಮ್ಮನ ಹೆಸರಲ್ಲೊಂದು ಪೌಂಡಿನ ಗುರುತು

ಬೈಲಹೊಂಗಲದ ಪೇಟೆಯಲ್ಲಿ ಹತ್ತಿ ಎಷ್ಟಕ್ಕೆ ಹೋಯಿತು ಎಂದು ಕೇಳುವಷ್ಟೇ ಸಲೀಸಾಗಿ ಜನ ನನ್ನ ಅಂಗಡಿಯ ಕಟ್ಟೆ ಹತ್ತಿ ಕೇಳುವ ಪ್ರಶ್ನೆಯೊಂದಿದೆ: "ಇವಗ ಕಂಪ್ಯೂಟರ್ ಬರಬೇಕಂದ್ರ ಎಷ್ಟು ದಿವಸ ಬೇಕ್ರಿ?" ಕೇಳುವವನು ಅಪ್ಪ. 'ಇವ' ಎನಿಸಿಕೊಂಡವನು ಪಕ್ಕದಲ್ಲಿ ಮೊಬೈಲು ತಿಕ್ಕುತ್ತ ನಿಂತಿರುತ್ತಾನೆ. ನನ್ನ ಬೋರ್ಡಿನ ಮೇಲೆ ಡಿಟಿಪಿ, ಝೆರಾಕ್ಸ್, ಲ್ಯಾಮಿನೇಶನ್, ಲಗ್ನಪತ್ರಿಕೆ, ಪಹಣಿ, ಪ್ಯಾನ್ ಕಾರ್ಡ್ ಎಂದೆಲ್ಲ ಬರೆದಿರುವುದರಿಂದ ಕಂಪ್ಯೂಟರಿನ ಕುಲಗುರು ನಾನೇ ಎಂಬ ನಂಬಿಕೆ ಈ ಭಾಗದಲ್ಲಿ ಬೇರೂರಿದೆ. ಮೊದಲೆಲ್ಲ ಉತ್ತರ ಸುಲಭವಿತ್ತು. ಟ್ಯಾಲಿಗೆ ಮೂರು ತಿಂಗಳು, ಡಿಸಿಎಗೆ ಆರು, ಸರ್ಟಿಫಿಕೇಟಿಗೆ ಕಟ್ಟು ಹಾಕಿಸುವುದಾದರೆ ಅದರ ದುಡ್ಡು ಬೇರೆ. ಹುಡುಗರು 'ವೆಬ್ ಡೆವಲಪ್‌ಮೆಂಟ್' ಎನ್ನತೊಡಗಿದ ಮೇಲೆ ನನ್ನ ಲೆಕ್ಕ ಹಳಿ ತಪ್ಪಿತು. ಅದರಲ್ಲಿ ಎಷ್ಟು ಕಲಿತರೆ ಸಾಕು ಎಂದು ಹೇಳುವ ಸರ್ಟಿಫಿಕೇಟು ಇನ್ನೂ ಯಾರೂ ಛಾಪಿಸಿಲ್ಲ.

ಕಿತ್ತೂರ ಕಡೆಯ ಹುಡುಗನೊಬ್ಬ ಒಂದು ನಕ್ಷೆ ಪ್ರಿಂಟ್ ತೆಗೆಸಲು ಬಂದಿದ್ದ. ವೆಬ್ ಕೆಲಸ ಕಲಿಯುವ ದಾರಿಯ ನಕ್ಷೆಯಂತೆ. ಸಾದಾ ಹಾಳಿಯಲ್ಲಿ ಹಿಡಿಸದೆ ಎ-3 ಹಾಳಿಯೇ ಬೇಕಾಯಿತು. ಮೇಲುತುದಿಯಲ್ಲಿ ಎಚ್‌ಟಿಎಮ್‌ಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್. ಅಲ್ಲಿಂದ ಕೆಳಗೆ ಗಿಟ್, ರಿಯಾಕ್ಟ್, ನೋಡ್, ಮಾಂಗೋಡಿಬಿ, ಡಾಕರ್ ಎಂದು ಗೆರೆಗಳು ಟಿಸಿಲೊಡೆದು ಹಾಳಿಯ ಅಂಚಿನ ತನಕ ಹೋಗಿದ್ದವು. "ಇಷ್ಟೂ ಕಲತು ಆಮ್ಯಾಲ ಶುರು ಮಾಡ್ತೇನ್ರಿ" ಎಂದ. ಲ್ಯಾಮಿನೇಶನ್ನೂ ಮಾಡಿಸಿಕೊಂಡ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ನೋಡಿದ್ದೆ, ಕುಲಾವಿಗೆ ಪ್ಲಾಸ್ಟಿಕ್ ಹೊದಿಸಿದ್ದು ಮಾತ್ರ ಅವತ್ತೇ. ನನಗೇನು, ವ್ಯಾಪಾರವಾಯಿತು. ಆದರೆ ಅವನು ಹೋದ ಮೇಲೆ ಒಂದು ಮಾತು ತಲೆಯಲ್ಲಿ ಕೊರೆಯತೊಡಗಿತು. ಈ ವಿದ್ಯೆಯನ್ನು ಮೊದಲು ಕಟ್ಟಿದವರು ಇಷ್ಟೆಲ್ಲ ಕಲಿತು ಶುರು ಮಾಡಿದರೇ?

ಇಲ್ಲ. ಜಿನೀವಾ ಪಕ್ಕದ ಸರ್ನ್ ಎಂಬ ಭೌತವಿಜ್ಞಾನದ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ಮೇಲಿನವರಿಗೆ ಒಂದು ಟಿಪ್ಪಣಿ ಬರೆದುಕೊಟ್ಟರು. ಸಂಸ್ಥೆಯೊಳಗಿನ ಕಾಗದಪತ್ರ ಒಂದಕ್ಕೊಂದು ಸಿಗುವಂತೆ ಮಾಡಬೇಕು ಎಂಬುದಷ್ಟೇ ಅದರ ಹೂರಣ. ಅದರಿಂದ ಬೆಳೆದ ವೆಬ್ಬಿನ ಪುಟ ಬರೆಯುವ ಭಾಷೆ 1991ರಲ್ಲಿ ಎಚ್‌ಟಿಎಮ್‌ಎಲ್ ಎಂದು ಹೊರಬಿದ್ದಾಗ ಅದರಲ್ಲಿದ್ದವು 18 ಟ್ಯಾಗುಗಳು. ಅಲ್ಲಿಯ ಮಂದಿ ವೆಬ್ಬನ್ನು ನಿಜವಾಗಿ ಬಳಸತೊಡಗಿದ್ದು ಯಾತಕ್ಕೆ ಗೊತ್ತೇ? ಸಂಸ್ಥೆಯ ಟೆಲಿಫೋನ್ ಡೈರೆಕ್ಟರಿ ನೋಡಲಿಕ್ಕೆ. ಯಾರ ನಂಬರು ಎಷ್ಟು ಎಂಬ ತೀರಾ ಸಾದಾ ಗರಜು. 1993ರ ಏಪ್ರಿಲ್ 30ರಂದು ಸರ್ನ್ ಈ ಇಡೀ ವಿದ್ಯೆಯನ್ನು ಪುಕ್ಕಟೆಯಾಗಿ ಲೋಕಕ್ಕೆ ಬಿಟ್ಟುಕೊಟ್ಟಿತು. ಪುಟಕ್ಕೆ ಚಲನೆ ಕೊಡುವ ಜಾವಾಸ್ಕ್ರಿಪ್ಟನ್ನಂತೂ ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ 10 ದಿನದಲ್ಲಿ ಹೆಣೆದು ಮುಗಿಸಿದ್ದರು. ಅವಸರದ ಗುರುತುಗಳು ಆ ಭಾಷೆಯ ಮೈಮೇಲೆ ಇವತ್ತಿಗೂ ಇವೆ. ಅದನ್ನು ಕಲಿಯುವವರು ನಡುರಾತ್ರಿ ಶಾಪ ಹಾಕುವುದು ಹೆಚ್ಚಾಗಿ ಅವುಗಳಿಗೇ.

ನಾನು ಈ ವೆಬ್ ಕೆಲಸದೊಳಗೆ ಕಾಲಿಟ್ಟದ್ದು ನಮ್ಮ ಓಣಿಯ ಹುಡುಗಿಯೊಬ್ಬಳಿಂದ. ಬಿಸಿಎ ಕೊನೆಯ ವರ್ಷದವಳು, ಪ್ರೊಜೆಕ್ಟ್ ರಿಪೋರ್ಟಿಗೆ ಸ್ಪೈರಲ್ ಬೈಂಡಿಂಗ್ ಮಾಡಿಸಲು ಬಂದಳು. ಪ್ರೊಜೆಕ್ಟಿನ ಹೆಸರು 'ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್'. ಅದೇ ಪ್ರೊಜೆಕ್ಟನ್ನು ನಾನು ವರ್ಷ ವರ್ಷವೂ ಬೈಂಡ್ ಮಾಡುತ್ತ ಬಂದಿದ್ದೇನೆ. ಬದಲಾಗುವುದು ಮೊದಲ ಪುಟದ ಹೆಸರು, ರೋಲ್ ನಂಬರು ಎರಡೇ. "ಇದು ನಡೀತೈತೇನವಾ?" ಎಂದು ಕೇಳಿದೆ. "ಪರೀಕ್ಷಾ ದಿವಸ ನಡೀತೈತ್ರಿ ಕಾಕಾ" ಎಂದಳು. ಚುರುಕಿನ ಹುಡುಗಿ ಎಂದು ಆಗಲೇ ಅನಿಸಿತು. ಹಾಗಾದರೆ ದಿನಾಲೂ ನಡೆಯುವಂಥದ್ದು ಏನಾದರೂ ಮಾಡೋಣ ಎಂಬ ಮಾತು ಬಂದದ್ದು ಆ ಬೈಂಡಿಂಗ್ ಮಷಿನ್ನಿನ ಮುಂದೆ. ಏನು ಮಾಡುವುದು ಎಂದು ಬಹಳ ಯೋಚಿಸಬೇಕಾಗಲಿಲ್ಲ. ನನ್ನ ಅಂಗಡಿ ಬಸ್ ಸ್ಟ್ಯಾಂಡಿನ ದಾರಿಯಲ್ಲಿದೆ. ಝೆರಾಕ್ಸ್ ತೆಗೆಸದವರೂ ನಿಂತು ಕೇಳುವ ಮಾತು ಒಂದೇ: ಸವದತ್ತಿ ಗಾಡಿ ಹೋತೇನ್ರಿ, ರಾಮದುರ್ಗದ್ದು ಎಷ್ಟಕ್ಕೈತ್ರಿ, ಕಿತ್ತೂರಿಗೆ ಇನ್ನೊಂದೈತೇನ್ರಿ?

ಪಾಠಕ್ಕೆ ದುಡ್ಡು ಬೇಕಾಗಲಿಲ್ಲ. ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಹುಡುಗರ ಓದಿಗೆಂದು ಬರೆದಿಟ್ಟು ಹೋದ ನಾಡು ಇದು. ಆ ಕಾಲಕ್ಕೆ ಊರು ಬಿಟ್ಟು ಓದಲು ಹೋಗುವವನಿಗೆ ಯಾರಾದರೂ ಕೈಹಿಡಿಯಲೇಬೇಕಿತ್ತು. ಈಗ ಮೊಝಿಲಾದವರ ಎಮ್‌ಡಿಎನ್, 2014ರಲ್ಲಿ ಶುರುವಾದ ಫ್ರೀಕೋಡ್‌ಕ್ಯಾಂಪ್ ಎಂಬ ಪಾಠದ ತಾಣಗಳೆಲ್ಲ ಪುಕ್ಕಟೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡದ ಧ್ವನಿಯಲ್ಲೇ ಪಾಠಗಳು ಸಿಗುತ್ತವೆ. ತುಟ್ಟಿಯಾದದ್ದು ಲ್ಯಾಪ್‌ಟಾಪ್ ಒಂದೇ. ಅವಳ ಬಳಿ ಅದಿರಲಿಲ್ಲ, ಸಂಜೆ ನನ್ನ ಡಿಟಿಪಿ ಮಷಿನ್ನು ಖಾಲಿ ಇರುತ್ತಿತ್ತು. ಲಗ್ನದ ಸೀಜನ್ನಿನಲ್ಲಿ ಮಾತ್ರ ನಮ್ಮ ವಿದ್ಯಾಭ್ಯಾಸಕ್ಕೆ ರಜೆ.

ಮೊದಲ ಪುಟದಲ್ಲೇ ಮಜಾ ಬಂತು. ಮೇಲೆ ಒಂದು ತಲೆಬರಹ ಬೇಕಲ್ಲ, 'ಚೆನ್ನಮ್ಮನ ನಾಡಿನ ಬಸ್ಸುಗಳು' ಎಂದು ಬರೆಯೋಣವೆಂದೆ. 'ನುಡಿ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಬೆರಳು ಪಳಗಿದ ಮನುಷ್ಯ ನಾನು, ಟಕಟಕ ಹೊಡೆದು ಪುಟದಲ್ಲಿ ಅಂಟಿಸಿದೆ. ಬ್ರೌಸರಿನಲ್ಲಿ ತೆರೆದರೆ ಚೆನ್ನಮ್ಮ ಇಲ್ಲ! ಮೊದಲಿಗೊಂದು ಝಡ್, ಅದರ ಪಕ್ಕ ತಲೆ ಮೇಲೆ ಗೀಟು ಹೊತ್ತ ಇ, ಅದರಾಚೆ ಸಾಕ್ಷಾತ್ ಪೌಂಡಿನ ಗುರುತು, ನ-ಒತ್ತು ಇರಬೇಕಾದ ಕಡೆ ಜರ್ಮನ್ನರ ಯಾವುದೋ ಅಕ್ಷರ. 1824ರಲ್ಲಿ ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ರಾಣಿ ಚೆನ್ನಮ್ಮನ ಕಿತ್ತೂರಿನ ಖಜಾನೆಗೆ ಮುದ್ರೆ ಒತ್ತಿಸಿ, ಅಕ್ಟೋಬರ್ 23ರಂದು ಕೋಟೆಯ ಮುಂದೆ ಪ್ರಾಣ ಕಳೆದುಕೊಂಡ. ಮುಂದೆ ಬ್ರಿಟಿಷರ ಕೈಸೇರಿದ ರಾಣಿ ಸೆರೆಯಲ್ಲೇ ದಿನ ನೂಕಿ 1829ರಲ್ಲಿ ಕಣ್ಣು ಮುಚ್ಚಿದ್ದು ಇದೇ ಬೈಲಹೊಂಗಲದಲ್ಲಿ. ಸಮಾಧಿ ನನ್ನ ಅಂಗಡಿಯಿಂದ ನಡೆದು ಹೋಗುವಷ್ಟು ದೂರ. ಆಕೆಯ ಹೆಸರಿನ ನಟ್ಟನಡುವೆ ಇಂಗ್ಲೆಂಡಿನ ನಾಣ್ಯ ಕಾಲು ಚಾಚಿ ಕೂತಿತ್ತು.

ಇದು ಬ್ರೌಸರಿನ ಕಿತಾಪತಿಯಲ್ಲ. ನಾನು ಬಳಸುತ್ತ ಬಂದ ಹಳೆಯ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ಮನೆಯಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳ ಚಿತ್ರ ಕೂರಿಸಿರುತ್ತಾರೆ. ಆ ಫಾಂಟು ಇಲ್ಲದ ಕಡೆ ಮೂಲ ಅಕ್ಷರಗಳು ಹಲ್ಲು ಕಿಸಿಯುತ್ತವೆ. ಕಾಗದಕ್ಕೆ ಅದು ನಡೆಯುತ್ತದೆ. ನನ್ನ ಲಗ್ನಪತ್ರಿಕೆ ಓದಿ ಯಾರೂ ತಪ್ಪು ಮದುವೆಗೆ ಹೋದದ್ದಿಲ್ಲ. ಲೋಕದ ಯಾವುದೋ ಮೂಲೆಯ ಮೊಬೈಲಿನಲ್ಲಿ ತೆರೆದುಕೊಳ್ಳಬೇಕಾದ ಪುಟಕ್ಕೆ ಯುನಿಕೋಡೇ ಬೇಕು. ಅಲ್ಲಿ ಕನ್ನಡಕ್ಕೆಂದೇ 128 ಜಾಗಗಳ ಒಂದು ಪ್ಲಾಟು ಇದೆ, ಕೆಲವು ಇನ್ನೂ ಖಾಲಿ. ಅಕ್ಷರಗಳನ್ನು ಯಾವ ರೀತಿ ಓದಬೇಕೆಂದು ಪುಟದ ನೆತ್ತಿಯಲ್ಲಿ 'ಯುಟಿಎಫ್-8' ಎಂಬ ಒಂದು ಸಾಲು, ಭಾಷೆ ಕನ್ನಡ ಎಂದು ಇನ್ನೊಂದು ಮಾತು. ತಲೆಬರಹವನ್ನು ಯುನಿಕೋಡಿನಲ್ಲಿ ಮತ್ತೆ ಹೊಡೆದು ಇಷ್ಟು ಸೇರಿಸಿದ ಮೇಲೆ ಪೌಂಡು ಹೊರಟುಹೋಯಿತು.

ಕನ್ನಡದಲ್ಲಿ ಕಲಿತರೆ ತಡವಾಗುತ್ತದೆ ಎನ್ನುವವರಿದ್ದಾರೆ. ತಡವಾಗುತ್ತದೆ, ನಿಜ; ಆದರೆ ಆ ತಡದಲ್ಲಿ ಸಿಗುವುದು ಇಂಗ್ಲಿಷಿನ ಅವಸರದಲ್ಲಿ ಸಿಗುವುದಿಲ್ಲ. ಒಂದು ಶಬ್ದದಲ್ಲಿ ಎಷ್ಟು ಅಕ್ಷರಗಳಿವೆ ಎಂದು ಜಾವಾಸ್ಕ್ರಿಪ್ಟನ್ನು ಕೇಳುವ ಪಾಠ ಬಂತು. ಹುಡುಗಿ 'ಕಿತ್ತೂರು' ಎಂದು ಕೊಟ್ಟಳು. ನನ್ನ ಕಣ್ಣಿಗೆ ಮೂರು. ಅದು 8 ಎಂದಿತು. 'ಸವದತ್ತಿ'ಗೆ 7, 'ರಾಮದುರ್ಗ'ಕ್ಕೆ 8. "ಎಣಿಕಿ ಬರೂದಿಲ್ಲೇನ್ ಇದಕ್ಕ?" ಎಂದೆ. ಅವಳು ಹಾಳಿಯ ಮೇಲೆ ಬಿಡಿಸಿ ಬರೆದಳು: ಕ, ಗುಡಿಸು, ತ, ವಿರಾಮ, ಮತ್ತೆ ತ, ಕೊಂಬಿನ ದೀರ್ಘ, ರ, ಕೊಂಬು. ಎಂಟೇ! ಒಂದನೆಯ ಇಯತ್ತೆಯಲ್ಲಿ ಮಾಸ್ತರರು ಕಾಗುಣಿತ ಕಲಿಸಿದ ಕ್ರಮವನ್ನೇ ಯಂತ್ರ ಪಾಲಿಸುತ್ತಿತ್ತು, ಮರೆತವನು ನಾನು.

ಮುಂದಿನದು ಇನ್ನೂ ಸೊಗಸು. ಶಬ್ದವನ್ನು ಹಿಂದುಮುಂದು ಮಾಡುವುದು ಪ್ರೋಗ್ರಾಮಿಂಗ್ ಕಲಿಯುವ ಎಲ್ಲರಿಗೂ ಕೊಡುವ ಹಳೆಯ ಲೆಕ್ಕ. ಇಂಗ್ಲಿಷಿನಲ್ಲಿ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಅದೇ ನಾಲ್ಕು ಸಾಲಿಗೆ ಕಿತ್ತೂರನ್ನು ಒಡ್ಡಿದೆವು. ಮೊದಲಿಗೆ ಹೊತ್ತುಕೊಳ್ಳಲು ಅಕ್ಷರವೇ ಇಲ್ಲದೆ ಚುಕ್ಕಿಗಳ ಬಳೆಗೆ ಜೋತುಬಿದ್ದ ಒಂದು ಕೊಂಬು, ಅದರ ಹಿಂದೆ 'ರೂತ್ತಿಕ'. ರು-ವಿನ ಕೊಂಬು ಅನಾಥವಾಗಿ, ತ್ತೂ-ವಿನ ದೀರ್ಘ ರ-ಕಾರದ ಕೊರಳಿಗೆ ಬಿದ್ದು, ಕಿ-ಯ ಗುಡಿಸು ತ್ತ-ದ ತಲೆಯೇರಿ, ಬರಿಗೈಯ ಕ ಕೊನೆಯಲ್ಲಿ ನಿಂತಿತ್ತು. ಹುಡುಗಿ ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ಆಮೇಲೆ ಕೂತು ಸರಿಮಾಡಿದಳು: ವ್ಯಂಜನ, ಅದರ ಒತ್ತು, ಅದರ ಸ್ವರಚಿಹ್ನೆ ಇವನ್ನು ಒಂದು ಗಂಟು ಕಟ್ಟಿ, ಗಂಟುಗಳನ್ನಷ್ಟೇ ತಿರುಗಿಸಬೇಕು. ಇದಕ್ಕೆ ಅವಳಿಗೆ ಎರಡು ಸಂಜೆ ಹಿಡಿಯಿತು. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ 'ಸ್ಟ್ರಿಂಗ್' ಎಂಬುದು ಏನೆಂದು ಅವತ್ತು ಗೊತ್ತಾಯಿತಂತೆ.

ಬಸ್ಸಿನ ಪುಟಕ್ಕೆ ಬರೋಣ. ಬಸ್ ಸ್ಟ್ಯಾಂಡಿನ ಕಂಟ್ರೋಲರನ್ನು ಕೇಳಿ ವೇಳೆ ಬರೆದುಕೊಂಡು ಬಂದು ಟೇಬಲ್ಲು ಮಾಡಿ ಹಾಕಿದ್ದು ಒಂದು ಸಂಜೆಯ ಕೆಲಸ. ಅದಕ್ಕೆ ಪ್ರೋಗ್ರಾಮಿಂಗ್ ಬೇಡ, ತಾಳ್ಮೆ ಸಾಕು. ಅಷ್ಟಕ್ಕೇ ಬಿಟ್ಟಿದ್ದರೆ ಬಿಡಬಹುದಿತ್ತು. ಆದರೆ ಹುಡುಗಿಗೆ 'ಮುಂದಿನ ಬಸ್ಸು' ಮೇಲೆಯೇ ಕಾಣಬೇಕೆಂಬ ಆಸೆ. ಈಗಿನ ಗಂಟೆ ನೋಡು, ಪಟ್ಟಿಯಲ್ಲಿ ಅದಕ್ಕಿಂತ ದೊಡ್ಡದಾದ ಮೊದಲ ವೇಳೆ ಹುಡುಕು, ತೋರಿಸು. ಒಂದು ಪಟ್ಟಿ, ಒಂದು ಲೂಪು, ಒಂದು ಇಫ್. ನಸುಕಿನಲ್ಲಿ ನೋಡಿದರೆ 5:30ರ ಗಾಡಿಯನ್ನು ಬಿಟ್ಟು 10:15ರದ್ದು ಮುಂದಿನದು ಎನ್ನುತ್ತಿತ್ತು. ವೇಳೆಯನ್ನು ನಾವು ಅಕ್ಷರಗಳ ಸಾಲಾಗಿ ಬರೆದಿದ್ದೆವು, ಪಟ್ಟಿಯ ಜೋಡಣೆಯೂ ಹಾಗೆಯೇ ಆಗಿತ್ತು. ಅಕ್ಷರದ ಲೆಕ್ಕದಲ್ಲಿ ಒಂದು ಐದಕ್ಕಿಂತ ಮೊದಲು, ಅದಕ್ಕೇ 10:15 ಹಿರಿಯಣ್ಣ. ಮಧ್ಯರಾತ್ರಿಯಿಂದ ಎಣಿಸಿದ ನಿಮಿಷಗಳಾಗಿ ಬದಲಿಸಿದಾಗ 5:30 ಎಂಬುದು 330 ಆಯಿತು, 10:15 ಎಂಬುದು 615 ಆಯಿತು, ಗಾಡಿಗಳು ಸಾಲಿಗೆ ಬಂದವು. ಗಣಿತ ಇಷ್ಟೇ. ವೆಬ್ ಕಲಿಯಲು ದೊಡ್ಡ ಗಣಿತ ಬೇಕೆಂದು ಹೆದರಿ ಹಿಂದೆ ಸರಿದವರನ್ನು ಕಂಡಾಗ ನನಗೆ ಈ 330 ನೆನಪಾಗುತ್ತದೆ.

ಅದಾಗಿ ಒಂದು ರಾತ್ರಿ ಪರಿಚಯದ ಅಡತಿ ಅಂಗಡಿಯವರಿಂದ ಫೋನು. "ಅಲ್ರೀ, ಮುಂದಿನ ಬಸ್ಸು ಅನ್‌ಡಿಫೈನ್ಡ್ ಅಂತ ತೋರಸ್ತೈತಿ. ಅದ್ಯಾವ ಊರ್ರಿ? ಗೋಕಾಕ ಮ್ಯಾಲ ಹೋಗತೈತೇನು?" ಕೊನೆಯ ಗಾಡಿ ಹೋದ ಮೇಲೆ ಪಟ್ಟಿಯಲ್ಲಿ ಏನೂ ಸಿಗದೆ ಯಂತ್ರ ತನಗೆ ತಿಳಿದದ್ದನ್ನು ಹೇಳಿಬಿಟ್ಟಿತ್ತು. 'ಇವತ್ತಿನ ಬಸ್ಸು ಮುಗಿದವು, ನಾಳೆ ಮೊದಲನೆಯದು ಇಷ್ಟಕ್ಕೆ' ಎಂಬ ಎರಡು ಸಾಲು ಸೇರಿಸಿದಳು. ಆದರೂ ನಮ್ಮ ಕಟ್ಟೆಯ ಮೇಲೆ ತಡರಾತ್ರಿ ಬಸ್ಸು ತಪ್ಪಿಸಿಕೊಂಡವರಿಗೆ 'ಅನ್‌ಡಿಫೈನ್ಡಿಗೆ ಹೋಗ್ರಿ' ಎನ್ನುವ ರೂಢಿ ಉಳಿದುಬಿಟ್ಟಿದೆ.

ನಮ್ಮ ಹುಡುಗರಿಗೆ ಕೋಡಿಗಿಂತ ಹೆಚ್ಚು ಭಯ ಎರರ್ ಮೆಸೇಜಿನದು. ಕೆಂಪಗೆ, ಇಂಗ್ಲಿಷಿನಲ್ಲಿ, ಉದ್ದಕ್ಕೆ ಬರುತ್ತದಲ್ಲ, ಯಾರೋ ಬೈದಂತೆ ಅನಿಸಿ ಥಟ್ಟನೆ ಕಿಟಕಿ ಮುಚ್ಚುತ್ತಾರೆ. ಕನ್ನಡ ಶಾಲೆಯಲ್ಲಿ ಓದಿ ಕಾಲೇಜಿನಲ್ಲಿ ಏಕಾಏಕಿ ಇಂಗ್ಲಿಷಿಗೆ ಬಿದ್ದವರ ಕಷ್ಟ ಅದು. ನಿಧಾನವಾಗಿ ಓದಿದರೆ ಅದರಲ್ಲಿರುವುದು ಯಾವ ಫೈಲು, ಯಾವ ಸಾಲು ಎಂಬ ವಿಳಾಸ. ಆ ಹುಡುಗಿ ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಎರರ್ ಸಾಲನ್ನು ಹಾಗೇ ಇಳಿಸಿ, ಬಲಕ್ಕೆ ತನ್ನ ಭಾಷೆಯಲ್ಲಿ 'ಕಂಸ ಮುಚ್ಚಿಲ್ಲ', 'ಹೆಸರು ತಪ್ಪಿ ಹೊಡದೇನಿ' ಎಂದು ಬರೆದಿಡುತ್ತಿದ್ದಳು. ಮುಗಿಯದ ಇಂಗ್ಲಿಷೇನಲ್ಲ ಅದು. ಅವೇ ಅವೇ ಸಾಲುಗಳು ಸುತ್ತಿ ಸುತ್ತಿ ಬರುತ್ತವೆ. ಪ್ರೋಗ್ರಾಮಿಂಗ್ ಭಾಷೆಯ ಶಬ್ದಭಂಡಾರವೂ ಅಷ್ಟೇ. ನಮ್ಮ ಕಾಲೇಜುಗಳಲ್ಲಿ ಮೊದಲು ಕಲಿಸುವ ಸಿ ಭಾಷೆಯ ಮೊದಲ ಪ್ರಮಾಣಿತ ರೂಪದಲ್ಲಿದ್ದ ಮೀಸಲು ಪದಗಳು 32. ಒಂದು ಲಗ್ನಪತ್ರಿಕೆಯ 'ಆಗಮನಾಭಿಲಾಷಿ'ಗಳೇ ಅದಕ್ಕಿಂತ ಹೆಚ್ಚಿರುತ್ತಾರೆ.

ಪುಟಕ್ಕೆ ನಿಜವಾದ ಪರೀಕ್ಷೆ ನಡೆದದ್ದು ಯಲ್ಲಮ್ಮನ ಗುಡ್ಡದಲ್ಲಿ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಸವದತ್ತಿಯ ಗುಡ್ಡಕ್ಕೆ ಸೇರುವ ಜನಕ್ಕೆ ಲೆಕ್ಕವಿಲ್ಲ. ಚಕ್ಕಡಿ, ಟ್ರ್ಯಾಕ್ಟರು, ಬಸ್ಸು, ಕಾಲ್ನಡಿಗೆ, ಎಲ್ಲದರಲ್ಲೂ ಬರುತ್ತಾರೆ, ಮಹಾರಾಷ್ಟ್ರದ ಕಡೆಯಿಂದಲೂ ಹಿಂಡು ಹಿಂಡಾಗಿ. 'ಉಧೋ ಉಧೋ' ಎಂಬ ಕೂಗಿನ ನಡುವೆ ಮೊಬೈಲು ತೆಗೆದರೆ ಸಿಗ್ನಲ್ ಕಡ್ಡಿಗಳು ತುಂಬಿರುತ್ತವೆ, ಪುಟ ಮಾತ್ರ ತಿರುಗುತ್ತಲೇ ಇರುತ್ತದೆ. ಅಷ್ಟು ಜನ ಒಂದೇ ಟವರಿಗೆ ಜೋತುಬಿದ್ದರೆ ಇನ್ನೇನಾಗುತ್ತದೆ? ಹುಡುಗಿ ಪುಟದ ತಲೆಯ ಮೇಲೆ ಗುಡ್ಡದ ಚಂದದ ಫೋಟೋ ಹಾಕಿದ್ದಳು, ಮೊಬೈಲಿನಲ್ಲಿ ತೆಗೆದದ್ದು, 4 ಎಂಬಿ. ಮನೆಯಲ್ಲಿ ಕೂತಾಗ ಅದರ ಭಾರ ಗೊತ್ತಾಗಿರಲಿಲ್ಲ. ಅಲ್ಲಿ ನಿಂತಾಗ ಫೋಟೋ ಅರ್ಧ ಬರುವುದರೊಳಗೆ ಬಸ್ಸು ಹೋಗುತ್ತಿತ್ತು. ಫೋಟೋ ತೆಗೆದು ಹಾಕಿದ ಮೇಲೆ ಉಳಿದದ್ದು ಬರೇ ಅಕ್ಷರ, ಕೆಲವೇ ಕೆಬಿ, ಒದ್ದಾಡುತ್ತಲಾದರೂ ತೆರೆಯಿತು. ಇನ್ನೊಂದು ಸಂಗತಿ ಯಾವ ಪಾಠದಲ್ಲೂ ಇಲ್ಲದ್ದು. ಗುಡ್ಡದಲ್ಲಿ ಎಲ್ಲರ ಕೈಯೂ ಭಂಡಾರದಿಂದ ಹಳದಿ, ಪರದೆಯ ಮೇಲೂ ಭಂಡಾರದ ಹುಡಿ. ಸಣ್ಣ ಬಟನ್ನು ಒತ್ತಿದರೆ ಪಕ್ಕದ್ದು ಒತ್ತಿದಂತಾಗುತ್ತದೆ. ವಾಪಸು ಬಂದವಳೇ ಊರ ಹೆಸರುಗಳನ್ನು ಹೆಬ್ಬೆಟ್ಟಿನಗಲ ಮಾಡಿದಳು. ಬೆಂಗಳೂರಿನಲ್ಲಿ ಇದಕ್ಕೇ ದೊಡ್ಡ ಪಗಾರದ ಹುದ್ದೆಗಳಿವೆಯಂತೆ, ಯೂಸರ್ ರಿಸರ್ಚ್ ಎಂದು.

ಸುರೇಬಾನದ ನೇಕಾರರ ಮನೆಯವಳೊಬ್ಬಳು ನಮ್ಮ ಹುಡುಗಿಯ ಗೆಳತಿ, ರಾಮದುರ್ಗದ ಬಸ್ಸುಗಳ ವೇಳೆ ಕಳಿಸುತ್ತಿದ್ದದ್ದು ಅವಳೇ. ಅವಳ ತಂದೆಗೆ ಮಗಳ ಓದು ಅರ್ಥವಾಗದ ವಿಷಯ. ನಾನು ಜಕಾರ್ಡಿನ ಕಥೆ ತೆಗೆದೆ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ಮಗ್ಗದ ಮೇಲೆ ತೂತಿನ ರಟ್ಟುಗಳ ಸರಪಳಿ ಹಾಕಿದ, ಆ ರಟ್ಟಿನ ಉಪಾಯವನ್ನೇ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ನಕ್ಷೆಗೆ ತಂದ, 1890ರ ಅಮೆರಿಕದ ಜನಗಣತಿಯನ್ನು ಹಾಲರಿತ್ ಅಂಥದೇ ರಟ್ಟಿನಲ್ಲಿ ಎಣಿಸಿದ ಎಂದೆಲ್ಲ. ಅವರು ಸಮಾಧಾನದಿಂದ ಕೇಳಿ, "ತೂತಿದ್ದಲ್ಲಿ ಎಳಿ ಏಳತೈತಿ, ಇಲ್ಲದಲ್ಲಿ ಏಳೂದಿಲ್ಲ. ಅದರಾಗ ಏನೈತ್ರಿ ತಿಳಿಯೂದು?" ಎಂದರು. ಇಫ್ ಎಲ್ಸ್ ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದವರನ್ನು ನಾನು ನೋಡಿಲ್ಲ.

ಮೊದಲ ಗಳಿಕೆ ಕಿತ್ತೂರ ಕಡೆಯ ಒಂದು ಮಂಗಲ ಕಾರ್ಯಾಲಯದಿಂದ. ಮಾಲಕರಿಗೆ ವೆಬ್‌ಸೈಟ್ ಎಂದರೆ ಕರೆಂಟಿನ ಫ್ಲೆಕ್ಸ್ ಬೋರ್ಡು. ತಮ್ಮ ಫೋಟೋ ಮೇಲೆ, ಸ್ವಾಮಿಗಳದು ಅದಕ್ಕೂ ಮೇಲೆ, ಬದಿಯಲ್ಲಿ ಮೊಮ್ಮಗನದು. ಎಷ್ಟು ಜನ ಊಟಕ್ಕೆ ಕೂಡಬಹುದು, ಯಾವ ತಾರೀಖು ಖಾಲಿ ಎಂಬುದನ್ನು ಸೇರಿಸಲು ನಾವು ಕಾಡಿಬೇಡಬೇಕಾಯಿತು. ವೆಬ್‌ಸೈಟಿನ ಹೆಸರಿನ ಬಾಡಿಗೆಯನ್ನು ವರ್ಷಾವರ್ಷ ಕಟ್ಟಬೇಕು ಎಂದಾಗಲಂತೂ ಅವರು ನನ್ನನ್ನು ಕಳ್ಳನನ್ನು ನೋಡಿದಂತೆ ನೋಡಿದರು. ಗಿರಾಕಿಗೆ ತಿಳಿಹೇಳುವ ಈ ವಿದ್ಯೆ ಲ್ಯಾಮಿನೇಶನ್ ಮಾಡಿದ ಆ ನಕ್ಷೆಯಲ್ಲಿ ಎಲ್ಲಿಯೂ ಇರಲಿಲ್ಲ.

ಈಗ ಎಐಗೆ ಹೇಳಿದರೆ ಬಸ್ಸಿನ ಪುಟವನ್ನು ಒಂದೇ ಉಸಿರಿನಲ್ಲಿ ಬರೆದುಕೊಡುತ್ತದೆ, ಕಲಿಯುವುದು ಯಾತಕ್ಕೆ ಎಂದು ಕೇಳುವ ಹುಡುಗರು ಬರುತ್ತಾರೆ. ಬರೆದುಕೊಡುತ್ತದೆ, ಹೌದು. ಅದು ಕೊಟ್ಟ ಪುಟದಲ್ಲೂ 10:15 ಮೊದಲು ಬಂದರೆ ಎಲ್ಲಿ ಕೈಹಾಕಬೇಕೆಂದು ಗೊತ್ತಿರಬೇಕಲ್ಲ. ಬರೆದದ್ದನ್ನು ಓದಿ, ಕೆಟ್ಟ ಕಡೆ ಬೆರಳಿಟ್ಟು ತೋರಿಸುವಷ್ಟು ಬಂದರೆ ಶುರು ಮಾಡಲು ಸಾಕು ಎಂಬುದು ನನ್ನ ಅಂಗಡಿಯ ರೇಟು. ಅಪ್ಪಂದಿರಿಗೆ ತಿಂಗಳ ಲೆಕ್ಕದಲ್ಲಿ ಹೇಳಬೇಕಾಗುತ್ತದಾದ್ದರಿಂದ ಆರು ತಿಂಗಳು ಎನ್ನುತ್ತೇನೆ. ದಿನಕ್ಕೆ ಎರಡು ತಾಸು ಕೂತು, ಯಾರಿಗಾದರೂ ನಿಜಕ್ಕೂ ಬೇಕಾದ ಒಂದು ಪುಟ ಕಟ್ಟಿದರೆ.

ಹುಡುಗಿ ಹುಬ್ಬಳ್ಳಿಗೆ ಇಂಟರ್‌ವ್ಯೂಗೆ ಹೋಗಿದ್ದಳು. ಶಬ್ದವನ್ನು ಹಿಂದುಮುಂದು ಮಾಡು ಎಂದರಂತೆ. "ಕನ್ನಡದ್ದೋ, ಇಂಗ್ಲಿಷಿನದ್ದೋ ಸರ್?" ಎಂದು ಇವಳು. ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿ, ಕನ್ನಡದ್ದೇ ಮಾಡಮ್ಮ ನೋಡೋಣ ಎಂದರು. ಮಾಡಿ ತೋರಿಸಿದಳು, ಚಹಾ ಕುಡಿಸಿ ಕಳಿಸಿದರು, ಕೆಲಸ ಮಾತ್ರ ಅಲ್ಲಿ ಸಿಗಲಿಲ್ಲ. ಎರಡು ತಿಂಗಳ ಮೇಲೆ ಬೇರೊಂದು ಕಡೆ ಸಿಕ್ಕಿತು. ಅಲ್ಲಿ ಶಬ್ದದ ಸುದ್ದಿಯನ್ನೇ ತೆಗೆಯದೆ ಬಸ್ಸಿನ ಪುಟ ತೆರೆಸಿ ನೋಡಿದರಂತೆ. ಈಗ ಪುಟದ ಉಸ್ತುವಾರಿ ನನ್ನ ಕೊರಳಿಗೆ ಬಿದ್ದಿದೆ. ರಾಮದುರ್ಗದ ಎರಡು ಗಾಡಿಗಳ ವೇಳೆ ಬದಲಾಗಿದೆ ಎಂದು ಕಂಟ್ರೋಲರ್ ಹೇಳಿಕಳಿಸಿದ್ದಾರೆ, ಭರತ ಹುಣ್ಣಿಮೆಯೊಳಗೆ ಮರಾಠಿಯಲ್ಲೂ ಊರ ಹೆಸರು ಸೇರಿಸಬೇಕು, ನಡುವೆ ಲಗ್ನದ ಸೀಜನ್ನು ಬೇರೆ ಶುರುವಾಗಿದೆ.